ಖಾಲಿಯ ಲೆಕ್ಕ

ಹಗಲು ಹೊತ್ತು ನಾನು ಮೈಸೂರಿನ ಒಂದು ಆಡಿಟರ್ ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ಟ್ಯಾಲಿ, ಎಕ್ಸೆಲ್, ಬಿಲ್ಲುಗಳ ಕಟ್ಟು. ಸಂಜೆ ಮನೆಗೆ ಬಂದು, ಅಂಕಿ ನೋಡಿ ದಣಿದ ಅದೇ ಕಣ್ಣಿನಲ್ಲಿ, ಧ್ವನಿ ತಿದ್ದುವ ಸಾಫ್ಟ್‌ವೇರ್ ಅಡಾಸಿಟಿ ತೆರೆಯುತ್ತೇನೆ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಕಣ್ಣು ಕಾಣದ ಮಕ್ಕಳಿಗಾಗಿ ಪಾಠದ ಪುಸ್ತಕ, ಕತೆ ಪುಸ್ತಕಗಳನ್ನು ಓದಿಕೊಡುತ್ತಾರೆ. ಆ ಓದನ್ನು ರೆಕಾರ್ಡ್ ಮಾಡಿ, ತಪ್ಪಿದ ಕಡೆ ತಿದ್ದಿ, ಅಧ್ಯಾಯವಾರು ಕತ್ತರಿಸಿ ಕಳಿಸುವುದು ನನ್ನ ಪಾಲಿನ ಕೆಲಸ. ವರ್ಷಗಟ್ಟಲೆ ಈ ಎರಡನ್ನೂ ಬೇರೆ ಬೇರೆ ಎಂದೇ ತಿಳಿದಿದ್ದೆ. ಒಂದು ಹೊಟ್ಟೆಪಾಡು, ಇನ್ನೊಂದು ಮನಸ್ಸಿನದು. ಒಂದರ ಅಭ್ಯಾಸ ಇನ್ನೊಂದರೊಳಗೆ ಹೇಗೆ ನುಸುಳುತ್ತದೆ ಎನ್ನುವುದು ಒಂದು ಕತ್ತೆಯ ದೆಸೆಯಿಂದ ತಿಳಿಯಿತು.

ಎರಡು ವರ್ಷದ ಹಿಂದೆ ಕತೆಗಳ ಒಂದು ಸಂಗ್ರಹ ಓದಿ ಮುಗಿಸಿದಾಗ ಒಟ್ಟು 11 ಗಂಟೆ ಆಗಿತ್ತು. ಉದ್ದವಾಯಿತು ಎನಿಸಿತು. ಮೇಷ್ಟ್ರ ಓದು ನಿಧಾನ. ವಾಕ್ಯ ಮುಗಿದ ಮೇಲೆ ನಿಲ್ಲುತ್ತಾರೆ, ಕನ್ನಡಕ ಸರಿಮಾಡಿಕೊಳ್ಳುತ್ತಾರೆ, ಉಸಿರೆಳೆದುಕೊಳ್ಳುತ್ತಾರೆ. ತೆರೆಯ ಮೇಲೆ ನೋಡಿದರೆ ಮಾತು ಗುಡ್ಡದ ಸಾಲು, ಇದೆಲ್ಲ ಬರೀ ಚಪ್ಪಟೆ ಗೆರೆ. ಅಡಾಸಿಟಿಯಲ್ಲಿ ಇಂಥ ಚಪ್ಪಟೆ ಗೆರೆಗಳನ್ನು ಹುಡುಕಿ ಮೊಟಕುಮಾಡುವ ‘ಟ್ರಂಕೇಟ್ ಸೈಲೆನ್ಸ್’ ಎಂಬ ಸೌಲಭ್ಯವಿದೆ. ಅರ್ಧ ಸೆಕೆಂಡಿಗಿಂತ ಉದ್ದದ ಮೌನವನ್ನು ಮಾತ್ರ ಮುಟ್ಟುವ ಹಾಗೆ ಅದನ್ನು ಮೊದಲೇ ಹೊಂದಿಸಿಟ್ಟಿರುತ್ತಾರೆ. ನಾನು ಆ ಅರ್ಧವನ್ನು 0.1ಕ್ಕೆ ಇಳಿಸಿದೆ. ಉಸಿರೂ ಅದಕ್ಕೆ ಮೌನದ ಲೆಕ್ಕಕ್ಕೇ ಬಂತು. 11 ಗಂಟೆಯ ಓದು 8 ಗಂಟೆ 40 ನಿಮಿಷಕ್ಕೆ ಇಳಿಯಿತು. ಎರಡು ಗಂಟೆ ಇಪ್ಪತ್ತು ನಿಮಿಷ ಉಳಿತಾಯ! ಅನಗತ್ಯ ಖರ್ಚೊಂದನ್ನು ಹುಡುಕಿ ತೆಗೆದಾಗ ಆಗುವ ಸಮಾಧಾನವೇ ಆವತ್ತೂ ಆಯಿತು.

ವಾರ ಕಳೆದ ಮೇಲೆ ಪಿಯುಸಿ ಓದುತ್ತಿದ್ದ ಹುಡುಗಿಯೊಬ್ಬಳು ಫೋನ್ ಮಾಡಿದಳು. ನಾವು ಕಳಿಸುವ ಪ್ರತಿಯೊಂದನ್ನೂ ಮೊದಲು ಕೇಳುವವಳು ಅವಳೇ.

“ಅಕ್ಕಾ, ಅಗಸನ ಕತೆ ಹೊಳೆ ದಾಟಿತು ಅಂತ ಇದೆ. ಕತೆ ಹೆಂಗೆ ಹೊಳೆ ದಾಟುತ್ತೆ?”

ಪುಸ್ತಕ ತೆಗೆದು ನೋಡಿದೆ. ಅಗಸನ ಕತ್ತೆ. ಮೇಷ್ಟ್ರು ಸರಿಯಾಗಿಯೇ ಓದಿದ್ದರು. ಎಲ್ಲಿ ತಪ್ಪಿತು ಎಂದು ಆ ಜಾಗವನ್ನು ತೆರೆಯ ಮೇಲೆ ಹಿಗ್ಗಿಸಿ ಹಿಗ್ಗಿಸಿ ನೋಡಿದಾಗ, ಚಿಕ್ಕಂದಿನಿಂದ ಬಾಯಿತುಂಬ ಆಡಿಕೊಂಡು ಬಂದ ಭಾಷೆಯ ಒಂದು ಗುಟ್ಟು ಕಣ್ಣೆದುರಿಗೆ ಬಂತು. ‘ಕತೆ’ ಎನ್ನುವಾಗ ನಾಲಗೆ ಹಲ್ಲಿಗೆ ತಾಗಿ ಕ್ಷಣಮಾತ್ರ ಗಾಳಿ ನಿಲ್ಲುತ್ತದೆ, ಆಮೇಲೆ ಬಿಡುಗಡೆ. ‘ಕತ್ತೆ’ ಎನ್ನುವಾಗಲೂ ಅದೇ ನಾಲಗೆ, ಅದೇ ಹಲ್ಲು. ಆದರೆ ಗಾಳಿ ಇನ್ನಷ್ಟು ಹೊತ್ತು ಅಲ್ಲೇ ತಡೆದು ನಿಲ್ಲುತ್ತದೆ. ನಾವು ಒತ್ತು ಎನ್ನುವುದು ಬರವಣಿಗೆಯಲ್ಲಿ ಅಕ್ಷರದ ಕೆಳಗೆ ಇನ್ನೊಂದು ಗುರುತಾಗಿ ಕಾಣುತ್ತದೆ. ಇಲ್ಲಿ, ದನಿಯಲ್ಲಿ, ಅದು ಮೌನ. ಹತ್ತು, ಅಕ್ಕ, ಅಪ್ಪ, ಇವೆಲ್ಲವುಗಳ ನಟ್ಟನಡುವೆ ಅಂಥದೊಂದು ಪುಟ್ಟ ಮೌನ ಕೂತಿದೆ. ಮೇಷ್ಟ್ರದು ಬಿಡಿಸಿ ಬಿಡಿಸಿ ಓದುವ ಬಾಯಿ, ಅವರ ಒತ್ತುಗಳು ಇನ್ನೂ ತುಸು ಉದ್ದ. ನಾನು ಇಳಿಸಿದ 0.1 ನೇರವಾಗಿ ಅಲ್ಲಿಗೇ ಹೋಗಿ ಕತ್ತೆಯ ಒತ್ತನ್ನು ತಿಂದಿತ್ತು.

ಹುಡುಗಿ ಇನ್ನೊಂದು ಮಾತೂ ಹೇಳಿದಳು. “ಮೇಷ್ಟ್ರು ಈ ಸಲ ಉಸಿರೇ ತಗೊಂಡಿಲ್ಲ. ಕೇಳ್ತಾ ಕೇಳ್ತಾ ನನಗೇ ಉಸಿರು ಕಟ್ಟಿದಂಗೆ ಆಗುತ್ತೆ.”

ನನಗೆ ಆಶ್ಚರ್ಯವಾಯಿತು. ಕಂಪ್ಯೂಟರಿನ ಸ್ಕ್ರೀನ್ ರೀಡರಿಗೆ ಅವಳು ಇಡುವ ವೇಗದಲ್ಲಿ ನನಗೆ ಒಂದು ಪದವೂ ಹಿಡಿಯುವುದಿಲ್ಲ. ಅಷ್ಟು ಬಿರುಸಾಗಿ ಕೇಳುವವಳಿಗೆ ಮೇಷ್ಟ್ರ ನಿಧಾನ ಏಕೆ ಬೇಕು ಎಂದು ಕೇಳಿದೆ. “ಮಷೀನ್ ಓದುವಾಗ ನಾನೇ ಓದ್ತಾ ಇರ್ತೀನಿ ಅಕ್ಕಾ. ಮೇಷ್ಟ್ರು ಓದುವಾಗ ಕೇಳ್ತಾ ಇರ್ತೀನಿ” ಎಂದಳು. ಅವರು ಪುಟ ತಿರುಗಿಸುವ ಹೊತ್ತಿನಲ್ಲೇ ಅವಳು ಕೇಳಿದ್ದನ್ನು ಮನಸ್ಸಿನಲ್ಲಿ ಎತ್ತಿಟ್ಟುಕೊಳ್ಳುತ್ತಿದ್ದಳು. ನಾನು ಉಳಿತಾಯ ಎಂದುಕೊಂಡ ಎರಡು ಗಂಟೆ ಇಪ್ಪತ್ತು ನಿಮಿಷ ಅವಳದಾಗಿತ್ತು.

ಆಮೇಲಿಂದ ನಾನು ದಿನವೂ ಕೈಯಾಡಿಸುವ ಸಾಫ್ಟ್‌ವೇರ್‌ಗಳನ್ನೆಲ್ಲ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡತೊಡಗಿದೆ. ಏನೂ ಇಲ್ಲದ ಜಾಗವನ್ನು ಇದು ಏನೆಂದು ತಿಳಿಯುತ್ತದೆ? ಬೆಲೆ, ಸೌಲಭ್ಯ, ಕಲಿಯುವ ಕಷ್ಟ ಇವುಗಳ ಹೋಲಿಕೆ ಬೇಕಾದಷ್ಟಿದೆ. ಈ ಪ್ರಶ್ನೆ ಕೇಳಿದಾಗ ಮಾತ್ರ ಅವು ತಮ್ಮ ಸ್ವಭಾವ ಬಿಟ್ಟುಕೊಡುತ್ತವೆ.

ಎಕ್ಸೆಲ್ ಈ ವಿಷಯದಲ್ಲಿ ನಾನು ಅಂದುಕೊಂಡಿದ್ದಕ್ಕಿಂತ ಸೂಕ್ಷ್ಮ. ಹತ್ತು ಮಕ್ಕಳ ಅಂಕಗಳ ಸರಾಸರಿ ಹಾಕಿ. ಒಬ್ಬನ ಅಂಕದ ಮನೆ ಖಾಲಿ ಇದ್ದರೆ ಅದು ಒಂಬತ್ತರಿಂದ ಭಾಗಿಸುತ್ತದೆ. ಅಲ್ಲಿ ಸೊನ್ನೆ ಬರೆದಿದ್ದರೆ ಹತ್ತರಿಂದ. ಪರೀಕ್ಷೆಗೆ ಬರದವನೂ ಬಂದು ಏನೂ ಬರೆಯದವನೂ ಅದಕ್ಕೆ ಒಂದೇ ಅಲ್ಲ. ಚಿತ್ರ ತಿದ್ದುವ ಫೋಟೋಶಾಪ್‌ನಲ್ಲಿ ಬಿಳಿ ಬೇರೆ, ಬಣ್ಣವೇ ಇಲ್ಲದಿರುವುದು ಬೇರೆ. ಇಲ್ಲದಿರುವುದನ್ನು ತೋರಿಸಲು ಬೂದು ಬಿಳಿಯ ಚೌಕಳಿಯನ್ನು ಹಾಸುತ್ತದೆ. ಕನ್ನಡ ಟೈಪ್ ಮಾಡುವವರು ಇನ್ನೂ ವಿಚಿತ್ರವಾದ ಖಾಲಿಯೊಂದನ್ನು ಬಳಸುತ್ತಾರೆ. ‘ರಾಜ್‌ಕುಮಾರ್’ ಎಂದು ಬರೆಯಬೇಕಾದರೆ ಜ್ ಮತ್ತು ಕು ನಡುವೆ ಅಗಲವೇ ಇಲ್ಲದ, ಕಣ್ಣಿಗೆ ಕಾಣದ ಒಂದು ಅಕ್ಷರ ಕೂರಬೇಕು. ಯೂನಿಕೋಡ್‌ನಲ್ಲಿ ಅದರ ಹೆಸರು ‘ಜೀರೋ ವಿಡ್ತ್ ನಾನ್ ಜಾಯ್ನರ್’. ಅದನ್ನು ಕಿತ್ತರೆ ಕಕಾರ ಒತ್ತಾಗಿ ಕೆಳಗಿಳಿದು ‘ರಾಜ್ಕುಮಾರ್’ ಆಗುತ್ತದೆ. ಇದನ್ನು ಹುಡುಗಿಗೆ ಹೇಳಿದಾಗ ಅವಳಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಬ್ರೈಲ್‌ನಲ್ಲಿ ಆರು ಚುಕ್ಕಿಗಳಿಂದ ಆಗುವ ಜೋಡಣೆ 64. ಒಂದೂ ಚುಕ್ಕಿ ಏಳದ ಖಾಲಿ ಮನೆಯೂ ಆ 64ರಲ್ಲಿ ಒಂದು. “ಬೆರಳಿಗೆ ಅದೂ ಸಿಗುತ್ತೆ ಅಕ್ಕಾ” ಎಂದಳು.

ಧ್ವನಿಯಲ್ಲಿ ಮೌನಕ್ಕೆ ತೂಕವೇ ಇದೆ. ಸಿ.ಡಿ. ಗುಣಮಟ್ಟದಲ್ಲಿ ರೆಕಾರ್ಡ್ ಮಾಡಿದರೆ ಕಂಪ್ಯೂಟರ್ ಸೆಕೆಂಡಿಗೆ 44,100 ಸಲ ಗಾಳಿಯ ಒತ್ತಡ ಅಳೆದು ಬರೆದುಕೊಳ್ಳುತ್ತದೆ. ಯಾರೋ ಕೂಗುತ್ತಿದ್ದರೂ ಅಷ್ಟೇ ಸಲ, ಯಾರೂ ಮಾತಾಡದಿದ್ದರೂ ಅಷ್ಟೇ ಸಲ. ಒಂದು ಚಾನೆಲಿನ ವೇವ್ ಫೈಲಿನಲ್ಲಿ ನಿಮಿಷದ ಮಾತಿಗೆ ಸುಮಾರು 5 ಎಂ.ಬಿ. ಜಾಗ ಹಿಡಿದರೆ ನಿಮಿಷದ ಮೌನಕ್ಕೂ 5 ಎಂ.ಬಿ. ಬೇಕು. ಹಳೆಯ ಕಾಲದ ಟೇಪಿನಲ್ಲಿ ಅದಕ್ಕೆ ಉದ್ದವಿತ್ತು. ಮೈಸೂರು ರೇಡಿಯೋ ನಂಟಿನ ಊರು, 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿದ, ‘ಆಕಾಶವಾಣಿ’ ಎಂಬ ಹೆಸರು ಹುಟ್ಟಿದ ಊರು. ರೇಡಿಯೋದಲ್ಲಿ ದುಡಿದ ಹಿರಿಯರೊಬ್ಬರು ಒಮ್ಮೆ ನನಗೆ ಕಾಲಿಂಚು ಅಗಲದ ಟೇಪನ್ನು ಬೆರಳಿಗೆ ಸುತ್ತಿ ತೋರಿಸಿದ್ದರು. ಸೆಕೆಂಡಿಗೆ ಏಳೂವರೆ ಇಂಚಿನ ವೇಗದಲ್ಲಿ ಓಡಿದರೆ ಒಂದು ಸೆಕೆಂಡಿನ ಮೌನ ಗೇಣಿಗೆ ತುಸು ಕಡಿಮೆ. ಹದಿನೈದು ಇಂಚಿನ ವೇಗವಾದರೆ ಮೊಳಕ್ಕೆ ತುಸು ಕಡಿಮೆ. ಬ್ಲೇಡಿನಲ್ಲಿ ಓರೆಯಾಗಿ ಕೊಯ್ದು ಅಂಟಿಸುವಾಗ, ತೆಗೆದ ತುಂಡನ್ನು ತಕ್ಷಣ ಎಸೆಯದೆ ಕೊರಳಿಗೆ ಹಾಕಿಕೊಂಡು ಕೂರುತ್ತಿದ್ದರಂತೆ. ತೆಗೆದದ್ದು ತಪ್ಪು ಎನಿಸಿದರೆ ಮತ್ತೆ ಸೇರಿಸಲು. ಒಬ್ಬರ ಮೌನವನ್ನು ಗೇಣು ಹಾಕಿ ಅಳೆದು ಕೊರಳಲ್ಲಿ ತೂಗುಬಿಟ್ಟುಕೊಂಡವರು ಅದನ್ನು ಬರೀ ಖಾಲಿ ಎಂದುಕೊಳ್ಳಲು ಸಾಧ್ಯವಿರಲಿಲ್ಲ.

ನನ್ನ ಕೊರಳಲ್ಲಿ ಏನೂ ಇರಲಿಲ್ಲ. ಅಡಾಸಿಟಿ ಎಷ್ಟು ಹೆಜ್ಜೆ ಬೇಕಾದರೂ ಹಿಂದಕ್ಕೆ ಕರೆದೊಯ್ಯುತ್ತದೆ, ಆದರೆ ಪ್ರಾಜೆಕ್ಟ್ ಮುಚ್ಚುವವರೆಗೆ ಮಾತ್ರ. ನಾನು ಮುಚ್ಚಿದ್ದೆ. ಎಂಪಿ3 ಮಾಡಿ ಕಳಿಸಿ, ಜಾಗ ಹಿಡಿಯುತ್ತದೆಂದು ಮೂಲವನ್ನೂ ಅಳಿಸಿದ್ದೆ.

ಇಷ್ಟಾದ ಮೇಲೆ ದೋಷವನ್ನೆಲ್ಲ ನನ್ನ ಹಗಲಿನ ಕಸುಬಿನ ಮೇಲೆ ಹಾಕುವುದು ಸುಲಭವಿತ್ತು. ಲೆಕ್ಕದ ಕಣ್ಣು ಎಲ್ಲ ಕಡೆಯೂ ಪೋಲನ್ನೇ ಕಾಣುತ್ತದೆ, ಕಲೆಯ ಕಣ್ಣು ಬೇರೆ ಎಂದು. ಕೆಲವು ದಿನ ಹಾಗೆಯೇ ಅಂದುಕೊಂಡೆ. ಆದರೆ ಒಂದು ಮಧ್ಯಾಹ್ನ ಟ್ಯಾಲಿಯಲ್ಲಿ ಒಂದು ವೋಚರ್ ರದ್ದು ಮಾಡುವಾಗ ಕೈ ತಡೆಯಿತು. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಈ ಸಾಫ್ಟ್‌ವೇರಿನಲ್ಲಿ ತಪ್ಪು ವೋಚರನ್ನು ತೆಗೆಯಲು ಎರಡು ದಾರಿ. ಆಲ್ಟ್ ಡಿ ಒತ್ತಿದರೆ ಅದು ಅಳಿಸಿಹೋಗುತ್ತದೆ. ಆಲ್ಟ್ ಎಕ್ಸ್ ಒತ್ತಿದರೆ ರದ್ದಾಗುತ್ತದೆ: ಮೊತ್ತ ಹೋಗುತ್ತದೆ, ಸಂಖ್ಯೆ ತನ್ನ ಜಾಗದಲ್ಲೇ ಉಳಿಯುತ್ತದೆ. ಬಿಲ್ ಪುಸ್ತಕದಲ್ಲಿ ಕೆಟ್ಟ ಹಾಳೆಯನ್ನು ಹರಿಯದೆ, ಅಡ್ಡ ಗೆರೆ ಎಳೆದು ‘ರದ್ದು’ ಎಂದು ಬರೆದು ಪಿನ್ ಹೊಡೆದಿಡುವುದನ್ನು ನಮ್ಮ ಸಾಹೇಬರು ನನಗೆ ಮೊದಲ ವಾರವೇ ಕಲಿಸಿದ್ದರು. 46 ಆದ ಮೇಲೆ 48 ಬಂದರೆ ಆಡಿಟರ್ ಕೇಳುವುದು ಒಂದೇ, 47 ಎಲ್ಲಿ? 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್ ಪ್ರತಿ ತಿದ್ದುಪಡಿಯ ಜಾಡನ್ನೂ ಉಳಿಸಿಕೊಳ್ಳಬೇಕು, ಆ ಜಾಡನ್ನು ನಿಲ್ಲಿಸುವ ಹಾಗಿಲ್ಲ ಎಂದು ಕಾನೂನೇ ಆಗಿದೆ. ಖಾಲಿಯಾದದ್ದು ತನ್ನ ಜಾಗ ಬಿಟ್ಟುಕೊಡಬಾರದು ಎನ್ನುವುದು ನನ್ನ ಕಸುಬಿನ ಮೊದಲ ಪಾಠ. ಕಸುಬು ನನ್ನನ್ನು ದಾರಿ ತಪ್ಪಿಸಿರಲಿಲ್ಲ. ಅದರ ಪಾಠವನ್ನು ಆಫೀಸಿನಲ್ಲೇ ಬಿಟ್ಟು, ಅದರ ಆತುರವನ್ನು ಮಾತ್ರ ಮನೆಗೆ ತಂದಿದ್ದೆ.

ಅಡಾಸಿಟಿಯಲ್ಲೂ ಇದೇ ಎರಡು ದಾರಿಗಳಿವೆ, ನಾನು ಗಮನಿಸಿರಲಿಲ್ಲ. ಡಿಲೀಟ್ ಒತ್ತಿದರೆ ಆರಿಸಿದ ಭಾಗ ಹೋಗಿ, ಹಿಂದಿನದೆಲ್ಲ ಮುಂದಕ್ಕೆ ಸರಿದು ಕೂಡಿಕೊಳ್ಳುತ್ತದೆ. ಕಂಟ್ರೋಲ್ ಎಲ್ ಒತ್ತಿದರೆ ಸದ್ದು ಹೋಗುತ್ತದೆ, ಅವಧಿ ಉಳಿಯುತ್ತದೆ. ಆಲ್ಟ್ ಡಿ, ಆಲ್ಟ್ ಎಕ್ಸ್‌ಗಳ ಒಡಹುಟ್ಟಿದವು. ಇಲ್ಲಿಯವರೆಗೆ ಎರಡು ಕಸುಬೂ ಜೊತೆಜೊತೆಗೆ ನಡೆಯುತ್ತವೆ. ಆಮೇಲೆ ಧ್ವನಿ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ರದ್ದಾದ ವೋಚರಿನಲ್ಲಿ ಮೊತ್ತವಿಲ್ಲ ಎಂದರೆ ಮುಗಿಯಿತು. ಓದಿನ ನಡುವೆ ಒಂದು ಸೆಕೆಂಡ್ ಪೂರ್ತಿ ಸದ್ದಿಲ್ಲದೆ ಹೋದರೆ ಕೇಳುವವರು ಬೆಚ್ಚುತ್ತಾರೆ, ಫೋನ್ ಕೆಟ್ಟಿತೇ ಎಂದು ಮುಟ್ಟಿ ನೋಡುತ್ತಾರೆ. ಮನುಷ್ಯರು ಸುಮ್ಮನಿದ್ದಾಗಲೂ ಕೋಣೆ ಸುಮ್ಮನಿರುವುದಿಲ್ಲ. ಫ್ಯಾನು, ದೂರದ ರಸ್ತೆ, ಗೋಡೆಯಿಂದ ಮರಳುವ ಏನೋ ಒಂದು. ಅದಕ್ಕೇ ಧ್ವನಿಯ ಕೆಲಸ ಬಲ್ಲವರು ರೆಕಾರ್ಡಿಂಗ್ ಮುಗಿದ ಮೇಲೆ ಯಾರೂ ಮಾತಾಡದೆ, ಬರೀ ಆ ಕೋಣೆಯ ಸದ್ದನ್ನೇ ಅರ್ಧ ನಿಮಿಷ ಹಿಡಿದಿಟ್ಟುಕೊಳ್ಳುತ್ತಾರೆ. ಕೆಮ್ಮನ್ನೋ ಕುಕ್ಕರಿನ ಸೀಟಿಯನ್ನೋ ತೆಗೆದ ಜಾಗಕ್ಕೆ ಆ ಕೋಣೆಯದೇ ತುಂಡನ್ನು ತುಂಬುತ್ತಾರೆ. ಇಲ್ಲಿ ಖಾಲಿ ಜಾಗವನ್ನೂ ಖಾಲಿಯಿಂದಲೇ ತುಂಬಬೇಕು, ಅದೂ ಅದೇ ಮನೆಯ ಖಾಲಿಯಿಂದ.

ಹುಡುಗಿ ಈಗ ಡಿಗ್ರಿಗೆ ಸೇರಿದ್ದಾಳೆ, ಎಡಿಟಿಂಗ್ ಕೂಡ ಕಲಿತಿದ್ದಾಳೆ. ರೀಪರ್ ಎಂಬ ಸಾಫ್ಟ್‌ವೇರಿನಲ್ಲಿ, ಕಣ್ಣು ಕಾಣದವರಿಗಾಗಿಯೇ ಮಾಡಿದ ಓಸಾರಾ ಎಂಬ ಜೋಡಣೆ ಹಾಕಿಕೊಂಡು, ಕೀಲಿಮಣೆಯಿಂದಲೇ ಎಲ್ಲ ಮಾಡುತ್ತಾಳೆ. ಪಕ್ಕದಲ್ಲಿ ಕೂತು ನೋಡಿದ್ದೇನೆ. ನಾನು ಎಲ್ಲಿ ಕತ್ತರಿಸಬೇಕೆಂದು ಗುಡ್ಡದ ಸಾಲನ್ನು ನೋಡಿ ಮೊದಲೇ ತೀರ್ಮಾನಿಸಿಬಿಡುತ್ತೇನೆ. ಕಿವಿ ಆಮೇಲೆ ಒಪ್ಪಿಗೆ ಕೊಡಲು ಬರುತ್ತದೆ. ಅವಳ ಎದುರಿಗೆ ಗುಡ್ಡವೂ ಇಲ್ಲ, ಚಪ್ಪಟೆ ಗೆರೆಯೂ ಇಲ್ಲ. ಒಂದು ನಿಲುಗಡೆಯನ್ನು ಪೂರ್ತಿ ಕೇಳದೆ ಅದು ಬೇಕೋ ಬೇಡವೋ ಎಂದು ಅವಳು ಹೇಳಲಾರಳು. ಕೇಳಲು ಅದು ಎಷ್ಟು ಹೊತ್ತೋ ಅಷ್ಟು ಹೊತ್ತು ಕೂರಲೇಬೇಕು. ನಾವಿಬ್ಬರೂ ಒಂದೇ ಅಧ್ಯಾಯ ತಿದ್ದಿದರೆ ಅವಳದು ನನ್ನದಕ್ಕಿಂತ ಎರಡು ಮೂರು ನಿಮಿಷ ಉದ್ದವಿರುತ್ತದೆ. ಈಚೆಗೆ ನಾನೂ ಕಣ್ಣು ಮುಚ್ಚಿಕೊಂಡು ಕೇಳಿ, ಆಮೇಲೆ ತೆರೆ ನೋಡುವುದನ್ನು ಅಭ್ಯಾಸ ಮಾಡುತ್ತಿದ್ದೇನೆ.

ಎರಡು ವರ್ಷದ ಹಿಂದಿನ ಆ ಕತ್ತೆಯ ವಿಷಯ ಮೇಷ್ಟ್ರಿಗೆ ಹೇಳಲು ನನಗೆ ನಾಲ್ಕು ದಿನ ಬೇಕಾಯಿತು. ಮೂಲ ಅಳಿಸಿದ್ದೇನೆ ಎಂದೂ ಹೇಳಿದೆ. ಅವರಿಗೆ ಆಗಲೇ ಎಪ್ಪತ್ತೆರಡು. ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿಕೊಂಡು, “ಎಷ್ಟು ಕತೆ ಹೋಯ್ತಮ್ಮಾ?” ಎಂದರು. ಎಲ್ಲವೂ ಎಂದೆ. ಮಾರನೆಯ ಸಂಜೆಯಿಂದಲೇ ಮೊದಲ ಪುಟದಿಂದ ಓದಲು ಕೂತರು.

ಆ ಪುಸ್ತಕ ಎರಡನೇ ಸಲ ಮುಗಿದದ್ದು ಎರಡು ತಿಂಗಳ ಮೇಲೆ, ಒಂದು ಭಾನುವಾರ. ಕೊನೆಯ ವಾಕ್ಯ ಓದಿ ಅವರು ಪುಸ್ತಕ ಮಡಚಿದರು. ಇನ್ನು ಅರ್ಧ ನಿಮಿಷ ಸುಮ್ಮನೆ ಕೂತಿರಿ ಎಂದು ಕೈಸನ್ನೆ ಮಾಡಿದೆ. ಇಬ್ಬರೂ ಅಲುಗಾಡದೆ ಕೂತೆವು. ಫ್ಯಾನಿನದು ಬಂತು, ಕಿಟಕಿಯಾಚೆ ತೆಂಗಿನ ಗರಿಯದು ಬಂತು. ಇಪ್ಪತ್ತು ಸೆಕೆಂಡ್ ಕಳೆದಿರಬೇಕು, ಬೀದಿಯಲ್ಲಿ ಒಂದು ಸ್ಕೂಟರ್ ಹಾರ್ನ್ ಹೊಡೆದುಕೊಂಡು ಹೋಯಿತು. ಮೇಷ್ಟ್ರು ನನ್ನ ಮುಖ ನೋಡಿದರು.

“ಇನ್ನೊಂದ್ಸಲ ಕೂರೋಣ್ವೇನಮ್ಮಾ?” ಎಂದರು.