ಲಕ್ಷಣವು ಹೇತುವಾಗುವುದು ಯಾವಾಗ?

ಕಂಡ ಗುರುತಿನಿಂದ ಕಾಣದ ಕಾರಣವನ್ನು ಅರಿಯುವುದನ್ನು ನ್ಯಾಯಶಾಸ್ತ್ರವು ಅನುಮಾನವೆಂದೂ, ಅದಕ್ಕೆ ಆಧಾರವಾದ ಗುರುತನ್ನು ಹೇತುವೆಂದೂ ಕರೆಯುತ್ತದೆ. ಸಾಧಿಸಬೇಕಾದದ್ದು ಇರುವಲ್ಲಿಯೂ ಇಲ್ಲದಲ್ಲಿಯೂ ಕಾಣಿಸಿಕೊಳ್ಳುವ ಗುರುತು ಸವ್ಯಭಿಚಾರ, ಅಂದರೆ ಹೇತುವಿನಂತೆ ತೋರಿಯೂ ಹೇತುವಾಗಲಾರದ್ದು. ಥೈರಾಯ್ಡ್ ಕಾಯಿಲೆಯ ಲಕ್ಷಣಗಳಲ್ಲಿ ಹೆಚ್ಚಿನವು ಈ ಬಗೆಯವೇ ಆಗಿವೆ. ಸುಸ್ತು, ಕೂದಲುದುರುವಿಕೆಗಳು ಥೈರಾಯ್ಡ್ ಗ್ರಂಥಿಯ ಸ್ರಾವ ಕುಗ್ಗಿದಾಗ ಬರುವಂತೆ ರಕ್ತಹೀನತೆಯಲ್ಲಿಯೂ ಬರಬಹುದಾದ್ದರಿಂದ, ಬನ್ನೇರುಘಟ್ಟ ರಸ್ತೆಯ ವಾಹನದಟ್ಟಣೆಯನ್ನು ದಾಟಿ ಅರೆಕೆರೆಯ ಮನೆ ಸೇರುವ ಉದ್ಯೋಗಸ್ಥೆಯ ಬಳಲಿಕೆ ದುಡಿಮೆಯದೋ ರೋಗದ್ದೋ ಎಂಬುದನ್ನು ಬಳಲಿಕೆಯೊಂದೇ ಹೇಳಲಾರದು.

ರೋಗವು ತನ್ನ ಪರಿಚಿತ ರೂಪವನ್ನೇ ಬಿಟ್ಟು ಬರುವುದೂ ಉಂಟು. ಸ್ರಾವ ಹೆಚ್ಚಾದವರು ಚಡಪಡಿಸುತ್ತಾರೆಂಬುದು ರೂಢಿಯ ತಿಳಿವಳಿಕೆಯಾದರೂ, ವಯಸ್ಸಾದವರಲ್ಲಿ ಅದು ಬರಿಯ ನಿರುತ್ಸಾಹವಾಗಿ, ತೂಕದ ಇಳಿಕೆಯಾಗಿ, ಎದೆಬಡಿತದ ಏರುಪೇರಾಗಿ ತೋರಬಹುದು. ಸ್ರಾವ ತೀರ ಕುಗ್ಗಿದ 14 ರೋಗಿಗಳಲ್ಲಿ ಕಂಡ ಮನೋವಿಕಾರಗಳನ್ನು ಬ್ರಿಟನ್ನಿನ ವೈದ್ಯ ರಿಚರ್ಡ್ ಆಶರ್ 1949ರಲ್ಲಿ ವರ್ಣಿಸಿದನು. ಮನಸ್ಸಿನದೆಂದು ಹೆಸರು ಹೊತ್ತ ಸಂಕಟಕ್ಕೆ ಕೊರಳಿನ ಒಂದು ಗ್ರಂಥಿ ಕಾರಣವಾಗಿರಬಹುದು ಎಂಬ ಅರಿವು ಎಷ್ಟೋ ಜನರ ಬಾಳನ್ನು ಉಳಿಸಬಲ್ಲದು.

ಹಾಗಾದರೆ ಲಕ್ಷಣಗಳು ಸಾಲದಾದಾಗ ನೆಚ್ಚುವ ರಕ್ತಪರೀಕ್ಷೆಯು ಪ್ರತ್ಯಕ್ಷವೇ, ಅಂದರೆ ನೇರವಾಗಿ ಕಂಡ ಅರಿವೇ? ಅದೂ ಅನುಮಾನವೇ. ಬೆಂಕಿಯಿದ್ದಲ್ಲಿ ಹೊಗೆಯಿರುತ್ತದೆ ಎಂಬ ಮಾತು ಸೌದೆ ಹಸಿಯಾಗಿದ್ದಾಗ ಮಾತ್ರ ನಿಲ್ಲುತ್ತದೆ. ಹೀಗೆ ಮರೆಯಲ್ಲಿರುವ ನಿಬಂಧನೆಗೆ ಉಪಾಧಿಯೆಂದು ಹೆಸರು. ಥೈರಾಯ್ಡನ್ನು ಪ್ರಚೋದಿಸುವ ಟಿಎಸ್‌ಎಚ್ ಎಂಬ ಹಾರ್ಮೋನು ಮಿತಿಯಲ್ಲಿದ್ದರೆ ಗ್ರಂಥಿಯ ಕೆಲಸ ಸರಿಯಿದೆ ಎಂಬ ನಿರ್ಣಯದ ಹಿಂದೆ, ಆ ಹಾರ್ಮೋನನ್ನು ಸುರಿಸುವ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಆರೋಗ್ಯವಾಗಿದೆ ಎಂಬ ಉಪಾಧಿಯಿದೆ. ಹೆರಿಗೆಯ ವೇಳೆಯ ತೀವ್ರ ರಕ್ತಸ್ರಾವದಿಂದ ಪಿಟ್ಯುಟರಿಗೆ ಹಾನಿಯಾದವರಲ್ಲಿ ಥೈರಾಯ್ಡ್ ಸೋತರೂ ಟಿಎಸ್‌ಎಚ್ ಏರದಿರಬಹುದು. ಅಲ್ಲಿ ಟಿ4 ಎಂಬ ಥೈರಾಯ್ಡ್ ಹಾರ್ಮೋನನ್ನೂ ಅಳೆಯದೆ ಸತ್ಯ ದೊರೆಯದು. ಕೂದಲಿಗೆಂದು ನುಂಗುವ ಬಯೋಟಿನ್ ಮಾತ್ರೆಯು ಕೆಲವು ಪರೀಕ್ಷಾವಿಧಾನಗಳಲ್ಲಿ ಟಿಎಸ್‌ಎಚ್ ಅನ್ನು ಇರುವುದಕ್ಕಿಂತ ಕಡಿಮೆಯಾಗಿಯೂ ಟಿ4 ಅನ್ನು ಹೆಚ್ಚಾಗಿಯೂ ತೋರಿಸುವುದರಿಂದ, ಸ್ರಾವ ಕುಗ್ಗಿ ಕೂದಲುದುರಿದವರ ವರದಿಯೇ ಅವರ ರೋಗವನ್ನು ಮುಚ್ಚಿಡಬಹುದು.

ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ ಎಂಬ ಮೂರರಿಂದಲೂ ರೋಗವನ್ನು ಪರೀಕ್ಷಿಸಬೇಕು, ಅರಿವಿನ ಒಂದು ತುಣುಕಿನಿಂದ ಇಡಿಯ ಅರಿವು ಹುಟ್ಟದು ಎಂದು ಚರಕಸಂಹಿತೆಯ ವಿಮಾನಸ್ಥಾನವು ಹೇಳುತ್ತದೆ. ಆಪ್ತೋಪದೇಶವೆಂದರೆ ಅಲ್ಲಿ ಬಲ್ಲವರ ಬೋಧೆ. ರೋಗಿಯ ಮಾತನ್ನು ಅದರ ಸಾಲಿಗೆ ಸೇರಿಸಲಾಗದಿದ್ದರೂ, ಯಾವ ಉಪಾಧಿಯನ್ನು ಹುಡುಕಬೇಕೆಂಬ ಸುಳಿವು ದೊರೆಯುವುದು ಬಹುಮಟ್ಟಿಗೆ ಆ ಮಾತಿನಲ್ಲಿಯೇ. ಆದುದರಿಂದ ವರದಿ ಸರಿಯಿದ್ದೂ ಸಂಕಟ ಉಳಿದವರು ಹಿಂದಿನ ಹೆರಿಗೆಯ ತೊಂದರೆಯನ್ನೂ ಸೇವಿಸುತ್ತಿರುವ ಮಾತ್ರೆಗಳನ್ನೂ ವೈದ್ಯರಿಗೆ ಬಿಡದೆ ತಿಳಿಸಬೇಕು. ವೈದ್ಯರು ಅದನ್ನು ಪೂರ್ತಿ ಕೇಳಬೇಕು.