ಹಿಟ್ಟಿನ ಹುಂಜ ಮತ್ತು ಮನೆಯೊಳಗಣ ಇರುವೆ

ಸಂಪತ್ತಿನಿಂದ ಮನುಷ್ಯನ ಅಂತರಂಗಕ್ಕೆ ಒದಗುವ ವಿಕಾರವನ್ನು ನೀತಿಬೋಧೆಯ ಮಾತಿನಲ್ಲಿ ಹೇಳಿದರೆ ಕೇಳುವವರು ತಲೆದೂಗುತ್ತಾರೆ. ಆ ಮಾತು ತಮ್ಮನ್ನು ಕುರಿತದ್ದೆಂದು ಮಾತ್ರ ಯಾರೂ ಭಾವಿಸುವುದಿಲ್ಲ. ಕಥಾಸಾಹಿತ್ಯವು ಸಂಕೇತದ ಮೊರೆಹೋಗುವುದು ಇದಕ್ಕಾಗಿಯೇ. ಆದರೆ ಎಲ್ಲ ಸಂಕೇತಗಳೂ ಸಮಾನ ಬಲವುಳ್ಳವಲ್ಲ. ದುಷ್ಟ ಧನಿಕನ ಬೆರಳಿಗೆ ವಜ್ರದ ಉಂಗುರ ತೊಡಿಸಿ, ಅವನ ಅಂಗಳದಲ್ಲಿ ದೊಡ್ಡ ಕಾರು ನಿಲ್ಲಿಸುವ ಕಥೆಗಳು ಹೇರಳವಾಗಿವೆ. ಅವನ್ನು ಬಡವನೂ ಧನಿಕನೂ ಒಂದೇ ಸಂತೋಷದಿಂದ ಓದುತ್ತಾರೆ. ಆ ಉಂಗುರ ಯಾವಾಗಲೂ ಇನ್ನೊಬ್ಬರ ಬೆರಳಿನಲ್ಲಿರುತ್ತದೆಯಷ್ಟೆ.

ಕ್ರಿ.ಶ. 1209ರಲ್ಲಿ ಜನ್ನನು ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಬರುವ ಹಿಟ್ಟಿನ ಹುಂಜ ಇಂತಹ ಸುಲಭ ಸಂಕೇತವಲ್ಲ. ಅರಮನೆಯ ಸಕಲ ಭೋಗಗಳ ನಡುವೆ ರಾಣಿ ಅಮೃತಮತಿ ಮಾವುತನ ಗಾನಕ್ಕೆ ಮಾರುಹೋದದ್ದೇ ಈ ಕೃತಿಯಲ್ಲಿ ಅಧಃಪತನದ ಚಿತ್ರವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಆದರೆ ಕಾವ್ಯದ ತಕ್ಕಡಿ ತೂಗುವುದು ಬೇರೆಡೆ. ಪ್ರಾಣಿಬಲಿಗೆ ಒಪ್ಪದ ಸದ್ಗುಣಿ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಹುಂಜವನ್ನು ಕಡಿಯುತ್ತಾನೆ, ಅದು ಕೂಗುತ್ತದೆ. ಕೇವಲ ಹಿಟ್ಟು ತಾನೆ ಎಂಬ ಸಮಾಧಾನ ಆ ಕೂಗಿನೊಂದಿಗೆ ಮುಗಿಯಿತು. ತಾಯಿಮಗ ಜನ್ಮಾಂತರಗಳಲ್ಲಿ ತೊಳಲಬೇಕಾದುದು ಸಂಕಲ್ಪಹಿಂಸೆಯ ಫಲವಾಗಿ. ಓದುಗನಿಗೂ ಇಲ್ಲಿ ತಪ್ಪಿಸಿಕೊಳ್ಳಲು ದಾರಿಯಿಲ್ಲ: ಅರಮನೆಯಿಲ್ಲದವನ ಮನೆಯಲ್ಲಿಯೂ ಹಿಟ್ಟು ಇದ್ದೇ ಇರುತ್ತದೆ.

ಎಂಟು ಶತಮಾನಗಳ ಅನಂತರ ವಿವೇಕ ಶಾನಭಾಗರು ‘ಘಾಚರ್ ಘೋಚರ್’ (2013) ಎಂಬ ಕಿರುಕಾದಂಬರಿಯಲ್ಲಿ ಇದಕ್ಕೆ ಸಮೀಪವಾದ ಸಂಕೇತವೊಂದನ್ನು ಬಳಸಿದರು. ಬೆಂಗಳೂರಿನ ಇಕ್ಕಟ್ಟಾದ ಮನೆಯಲ್ಲಿ ಮಿತವಾದ ಸಂಬಳದಲ್ಲಿ ಬಾಳುವ ಕುಟುಂಬ. ಅಲ್ಲಿ ಇರುವೆಗಳ ಕಾಟ. ಅವುಗಳನ್ನು ಕೊಲ್ಲುವುದು ಬರಬರುತ್ತ ಮನೆಮಂದಿಯ ಅಭ್ಯಾಸವೇ ಆಗುತ್ತದೆ. ಮುಂದೆ ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಹಣ ಬಂದು, ಹೊಸ ಮನೆಯೂ ಆಯಿತು. ಒಂದು ದಿನ ಚಿಕ್ಕಪ್ಪನನ್ನು ಅರಸಿಕೊಂಡು, ಅವನಿಗೆಂದು ಅಡುಗೆ ಮಾಡಿ ತಂದ ಹೆಂಗಸೊಬ್ಬಳನ್ನು ಮನೆಯ ಹೆಂಗಸರು ಬಾಗಿಲಿನಲ್ಲಿಯೇ ನಿಂದಿಸಿ ಅಟ್ಟುತ್ತಾರೆ. ಕೈ ಹಳೆಯದು, ಗುರಿ ಮಾತ್ರ ಹೊಸದು. ಹೆಸರಿಗೆ ನಿರ್ದೇಶಕನಾಗಿ ಕೆಲಸವಿಲ್ಲದೆ ಸಂಬಳ ಪಡೆಯುವ ನಿರೂಪಕ ಸುಮ್ಮನಿರುತ್ತಾನೆ. ಅನ್ಯಾಯವನ್ನು ಅನ್ಯಾಯವೆಂದು ಹೇಳಬಲ್ಲವಳು ಅವನ ಹೆಂಡತಿ ಅನಿತಾ ಒಬ್ಬಳೇ.

ಈ ಕೃತಿಯು ವ್ಯಾಪಾರವನ್ನು ನಿಂದಿಸುವುದಿಲ್ಲ ಎಂಬುದು ಗಮನಾರ್ಹ. ಸಗಟಾಗಿ ಕೊಂಡು ಚಿಕ್ಕ ಪೊಟ್ಟಣಗಳಲ್ಲಿ ಮಾರುವುದರಲ್ಲಿ ದೋಷವೇನು? ಉಡುಪಿ, ಮಣಿಪಾಲದ ಜನರಿಗಂತೂ ಇದನ್ನು ವಿವರಿಸಬೇಕಾಗಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ 1928ರ ಪಿಗ್ಮಿ ಯೋಜನೆಯಲ್ಲಿ ಮನೆಮನೆಯಿಂದ ದಿನಕ್ಕೆ ಎರಡಾಣೆ ಸಂಗ್ರಹಿಸಿಯೇ ಬೆಳೆಯಿತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಶ್ರಾವಕನಿಗೆ ವಿಧಿಸಿದುದು ಪರಿಗ್ರಹದ ಪರಿಮಿತಿಯೇ ಹೊರತು ದಾರಿದ್ರ್ಯವಲ್ಲ. ಪರಿಗ್ರಹವೆಂದರೆ ಮೂರ್ಛೆ, ‘ನನ್ನದು’ ಎಂಬ ಮಮತ್ವ ಎಂದು ಆಗಮಜ್ಞರು ವಿವರಿಸಿದರು. ಕಾದಂಬರಿಯ ಕುಟುಂಬದ ಐಕಮತ್ಯ ಇಂತಹುದೇ. ಗಳಿಸುವವನನ್ನು ಕಾಯುವುದೇ ಅಲ್ಲಿ ಧರ್ಮ. ಆ ಪ್ರೀತಿ ಸುಳ್ಳಲ್ಲ, ಆದುದರಿಂದಲೇ ಭಯಂಕರ. ಕಾಪುವಿನಿಂದ ಕಾರ್ಕಳದವರೆಗೆ, ಮುಂಬಯಿ ಮತ್ತು ಕೊಲ್ಲಿ ದೇಶಗಳ ದುಡಿಮೆಯಿಂದ ಎದ್ದ ಮನೆಗಳಲ್ಲಿಯೂ ಗಳಿಸುವವನ ತಪ್ಪನ್ನು ಯಾರು ಆಡಿ ತೋರಿಸಬೇಕು ಎಂಬುದು ಕಾಲ್ಪನಿಕ ಪ್ರಶ್ನೆಯಲ್ಲ.

ಕಾರ್ಕಳದ ಬೆಟ್ಟದ ಮೇಲೆ 1432ರಿಂದ ನಿಂತಿರುವ ಬಾಹುಬಲಿಯ ಕಥೆಯಲ್ಲಿಯೂ ಕ್ಷುದ್ರಜೀವಿಗಳಿವೆ. ಗೆದ್ದ ರಾಜ್ಯವನ್ನು ಬಿಟ್ಟು ನಿಂತವನ ಪಾದಗಳ ಸುತ್ತ ಹುತ್ತ ಬೆಳೆಯಿತು, ಬಳ್ಳಿ ಹಬ್ಬಿತು; ಅವನು ಕದಲಲಿಲ್ಲ. ಶಾನಭಾಗರು ಇದನ್ನು ನೆನೆದು ಬರೆದರೆಂದು ಹೇಳುವಂತಿಲ್ಲ. ಆದರೂ ಎರಡನ್ನೂ ಬಲ್ಲ ಓದುಗನಿಗೆ ಹಿಟ್ಟಿನ ಹಲಗೆಯ ಮೇಲಿನ ಒಂದು ಇರುವೆಯನ್ನೂ ಸಹಿಸದ ಮನೆ ಬೇರೆಯಾಗಿ ಕಾಣಿಸೀತು.

ಕೊನೆಯಲ್ಲಿ ತವರಿಗೆ ಹೋದ ಅನಿತಾ ಹಿಂತಿರುಗಿಲ್ಲ. ಏನಾಯಿತೆಂದು ಲೇಖಕರು ಹೇಳುವುದಿಲ್ಲ. ಕಥೆಯನ್ನು ಅಪೂರ್ಣವಾಗಿ ಬಿಟ್ಟರೆಂದು ಆಕ್ಷೇಪಿಸುವುದು ಸರಿಯೆನಿಸದು. ಮನೆಯವರು ಲಘುವಾಗಿ ಆಡಿದ ಮಾತುಗಳು ನೆನಪಿಗೆ ಬಂದು ನಿರೂಪಕನ ಎದೆ ನಡುಗುತ್ತದೆ. ಆಗಲೂ ಅವನು ಕಾಫಿಹೌಸಿನ ಕುರ್ಚಿಯಲ್ಲಿ ಕುಳಿತೇ ಇದ್ದಾನೆ.