ಗಾಜಿನ ಈಚೆಗೆ ನಿಂತವರು

ನ್ಯೂಯಾರ್ಕಿನ ಐದನೇ ಅವೆನ್ಯೂ 57ನೇ ಬೀದಿಯನ್ನು ಕೂಡುವ ಮೂಲೆಯಲ್ಲಿ ಟಿಫಾನಿ ಆಭರಣದಂಗಡಿ ಇದೆ. ಅದರ ಬೀದಿಬದಿಯ ಕಿಟಕಿಗಳು ತೀರ ಚಿಕ್ಕವು, ಕಲ್ಲುಗೋಡೆಯಲ್ಲಿ ದೀಪದ ಗೂಡು ಕೊರೆದ ಹಾಗೆ. 1955ರಿಂದ ಹೆಚ್ಚುಕಡಿಮೆ ನಾಲ್ಕು ದಶಕ ಆ ಗೂಡುಗಳನ್ನು ಸಿಂಗರಿಸಿದವನು ಜೀನ್ ಮೂರ್. ಪಕ್ಕದಲ್ಲೇ ಇದ್ದ ಬಾನ್‌ವಿಟ್ ಟೆಲ್ಲರ್ ಎಂಬ ಡಿಪಾರ್ಟ್‌ಮೆಂಟ್ ಸ್ಟೋರಿನ ಕಿಟಕಿಗಳಲ್ಲಿ ಪಳಗಿದ ಕೈ ಅದು. ವಜ್ರದ ಪಕ್ಕದಲ್ಲಿ ಅವನು ಇಡುತ್ತಿದ್ದುದು ಮೊಟ್ಟೆ, ಮಣ್ಣು, ದಾರ. 1965ರಲ್ಲಿ ಊರಿಗೆ ನೀರಿನ ಬರ ಬಂದಾಗ, ಕಿಟಕಿಯೊಳಗಿನ ಪುಟ್ಟ ಕಾರಂಜಿಗೆ ನೀರಿನ ಬದಲು ಜಿನ್ ಸುರಿದ.

ಅಷ್ಟೆಲ್ಲ ಶ್ರದ್ಧೆ ಯಾರಿಗಾಗಿ? ಕೊಳ್ಳುವವರು ಹೇಗೂ ಬಾಗಿಲು ದಾಟಿ ಒಳಗೆ ಹೋಗುತ್ತಾರೆ. ಕಿಟಕಿ ಇರುವುದು ದಾರಿಹೋಕರಿಗೆ. ಈ ಯೋಚನೆ ಬಂದಾಗಲೆಲ್ಲ ನನ್ನ ಮನಸ್ಸು ತುಂಬಿಬರುತ್ತದೆ.

ನಾನು ಚಿಕ್ಕವಳಿದ್ದಾಗ ನಮ್ಮೂರ ಚಿನಿವಾರರ ಅಂಗಡಿಯಲ್ಲಿ ಒಡವೆಗಳು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಕೇಳಿದರೆ ಮಾತ್ರ ಪೆಟ್ಟಿಗೆಯಿಂದ ಒಂದೊಂದಾಗಿ ಹೊರಬರುತ್ತಿದ್ದವು. ಕೊಳ್ಳದೆ ಎದ್ದು ಬರುವುದು ಅಮ್ಮನಿಗೆ ದೊಡ್ಡ ಸಂಕೋಚ. ಹಿಂದಿನ ಪ್ಯಾರಿಸ್ಸಿನಲ್ಲೂ ಅದೇ ರೂಢಿಯಂತೆ: ಅಂಗಡಿ ಹೊಕ್ಕವರು ಏನಾದರೂ ಕೊಂಡೇ ತೀರಬೇಕು, ಬೆಲೆ ಚೌಕಾಶಿಯಲ್ಲಿ ಗೊತ್ತಾಗಬೇಕು. 1852ರಲ್ಲಿ ಬಾನ್ ಮಾರ್ಶೆ ಅಂಗಡಿಗೆ ಪಾಲುದಾರನಾಗಿ ಬಂದ ಅರಿಸ್ಟೀಡ್ ಬೂಸಿಕೊ ಅದನ್ನು ಬದಲಿಸಿದ. ಸರಕಿನ ಮೇಲೆ ಬೆಲೆಯ ಚೀಟಿ ಅಂಟಿತು. ಯಾರು ಬೇಕಾದರೂ ಬರಬಹುದು, ಸುಮ್ಮನೆ ನೋಡಿ ಹೋಗಬಹುದು. ಟಿಫಾನಿಯಂತೂ 1837ರಲ್ಲಿ ಶುರುವಾದಾಗ ಕಾಗದ, ಲೇಖನ ಸಾಮಗ್ರಿ, ಅಲಂಕಾರದ ವಸ್ತುಗಳ ಅಂಗಡಿ. ಮೊದಲ ದಿನದ ವ್ಯಾಪಾರ 4 ಡಾಲರ್ 98 ಸೆಂಟ್. ಅಲ್ಲೂ ಹೇಳಿದ್ದೇ ಬೆಲೆ. ಬಡವರ ಕಣ್ಣಿಗೆ ಬಾಗಿಲು ತೆರೆದದ್ದು ಈ ಸಣ್ಣ ಚೀಟಿಯೇ ಎಂದು ನಾನು ನಂಬಿದ್ದೇನೆ. ಬೆಲೆ ಕೇಳಿ ಮುಖ ಸಪ್ಪಗೆ ಮಾಡಿಕೊಳ್ಳುವ ಅವಮಾನವನ್ನು ಅದು ತಪ್ಪಿಸಿತು.

ಅದೇ ಅಂಗಡಿಯ ಹಳದಿ ವಜ್ರದ ಕಥೆ ಬೇರೆ. 1877ರಲ್ಲಿ ದಕ್ಷಿಣ ಆಫ್ರಿಕಾದ ಕಿಂಬರ್ಲಿ ಗಣಿಯಲ್ಲಿ ಸಿಕ್ಕಾಗ 287.42 ಕ್ಯಾರಟ್ ತೂಗುತ್ತಿತ್ತು. ಸಾಣೆ ಹಿಡಿಸುವ ಹೊಣೆ ಹೊತ್ತ ಜಾರ್ಜ್ ಫ್ರೆಡರಿಕ್ ಕುಂಜ್ ಇನ್ನೂ ಇಪ್ಪತ್ತರ ಹರೆಯದವನು. ಗಾತ್ರ ಹೋದರೂ ಹೊಳಪು ಬರಲಿ ಎಂದು ಅರ್ಧಕ್ಕಿಂತ ಹೆಚ್ಚು ಕಲ್ಲನ್ನು ಸವೆಸಿದರು. 128.54 ಕ್ಯಾರಟ್ ಉಳಿಯಿತು, ಮೈಮೇಲೆ 82 ಮುಖಗಳು. ಕೋಟ್ಯಂತರ ವರ್ಷ ಭೂಮಿಯ ಆಳದ ಕತ್ತಲಲ್ಲಿದ್ದು, ಜ್ವಾಲಾಮುಖಿಯ ಉಬ್ಬರದಲ್ಲಿ ಮೇಲೆ ಬಂದ ಇದ್ದಿಲಿನ ಸೋದರ ಅದು. 1893ರ ಶಿಕಾಗೊ ಮೇಳದಲ್ಲಿ ಜನ ಅದನ್ನು ಕಂಡರು. ಅದನ್ನು ಕೊರಳಿಗೆ ಧರಿಸಿದವರು ಬೆರಳೆಣಿಕೆಯಷ್ಟು ಮಂದಿ. ಕಣ್ಣಿಗೆ ಧರಿಸಿಕೊಂಡು ಹೋದವರ ಲೆಕ್ಕ ಇಟ್ಟವರಿಲ್ಲ.

ಚಳಿಗಾಲದ ಬೆಳಿಗ್ಗೆ, ಅಂಗಡಿ ಇನ್ನೂ ತೆರೆಯದ ಹೊತ್ತಿನಲ್ಲಿ, ಅಂಥ ಕಿಟಕಿಯೊಂದರ ಮುಂದೆ ಒಂದು ಮಗು ತುದಿಗಾಲಲ್ಲಿ ನಿಲ್ಲುತ್ತದೆ. ಅದರ ಉಸಿರಿಗೆ ಗಾಜು ಮಂಜಾಗುತ್ತದೆ. ಅಂಗೈಯಿಂದ ಒರೆಸಿಕೊಂಡು ಮತ್ತೆ ನೋಡುತ್ತದೆ.